ಎಡಗೈಯ ಅಳತೆ

6 ಏಪ್ರಿಲ್ 2025, ರವಿವಾರ

ನಾನು ಅಬೇದಾಬಿ. ಕುಷ್ಟಗಿಯ ಹಳೆ ಬಜಾರಿನ ಬಳೆ ಅಂಗಡಿಯ ಯಜಮಾನಿ, ದಿವಂಗತ ಉಮರಸಾಬರ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ, ಎಸ್ಸೆಸ್ಸೆಲ್ಸಿ ಪಾಸು. ಈ ಊರಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನ ನನ್ನ ಮುಂದೆ ಕೈ ಚಾಚಿದವರೇ. ಹಿಂದೂಗಳಿರಲಿ, ನಮ್ಮವರಿರಲಿ, ಮದುವೆಗೂ ಸೀಮಂತಕ್ಕೂ ನಾನೇ ಬೇಕು. ಒಬ್ಬ ತಹಶೀಲ್ದಾರರ ಹೆಂಡತಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಪಾಳಿಗೆ ಕಾದಿದ್ದಾಳೆ. ಜಂಬಕ್ಕೆ ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಮದುವೆ ಗೊತ್ತಾದಾಗ ಮಾತ್ರ ನಾನು ಹೀಗೆ ಬರೆಯುವುದು. ದೊಡ್ಡವ ಅಸ್ಲಮನ ಮದುವೆಯಲ್ಲೂ ಬರೆದಿದ್ದೆ. ಯಾರು ಯಾವ ಮಾತು ಆಡಿದರು ಎನ್ನುವುದು ಮುಂದೆ ಬೇಕಾಗುತ್ತದೆ.

ಇಂದು ಹಿಟ್ನಾಳಕ್ಕೆ ಹೋಗಿ ಕಿರಿಯವ ಇಲಿಯಾಸನಿಗೆ ಹೆಣ್ಣು ಗೊತ್ತು ಮಾಡಿ ಬಂದೆ. ಹುಡುಗಿಯ ಹೆಸರು ಮುಬಾಶಿರಾ, ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ತಂದೆ ಮಕ್ಬುಲಸಾಬ ಹೈವೇ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಇಲಿಯಾಸ ದಾಳಿಂಬೆ ತುಂಬಿದ ಟೆಂಪೋ ಓಡಿಸುವವನು. ಒಮ್ಮೆ ಟೈರು ಪಂಕ್ಚರಾಗಿ ಅಲ್ಲಿ ನಿಂತ. ಆಮೇಲೆ ಪಂಕ್ಚರಾಗದಿದ್ದರೂ ನಿಲ್ಲತೊಡಗಿದ. ತಾಯಿಗೆ ಇದೆಲ್ಲ ತಿಳಿಯದೆ ಇರುತ್ತದೆಯೇ.

ನಮ್ಮ ಮನೆತನದಲ್ಲಿ ಹೆಣ್ಣಿಗೆ ಪ್ರಶ್ನೆ ಕೇಳುವ ಪದ್ಧತಿ ಇಲ್ಲ. ಅತ್ತೆಯಾಗುವವಳು ಹುಡುಗಿಯ ಕೈ ಹಿಡಿದು ತಾನೇ ಬಳೆ ತೊಡಿಸುತ್ತಾಳೆ. ಎಡಗೈಯಿಂದ ಶುರು. ಬಳೆ ಏರಿದರೆ ಮಾತು ಮುಗಿಯಿತು. ತೊಡಿಸುವಾಗ ಕೈ ನೋಡಬಾರದು, ಮುಖ ನೋಡಬೇಕು ಎಂದು ನನ್ನ ಅತ್ತೆ ಲಾಲಬೀ ಕಲಿಸಿದ್ದರು. ಕೈಯ ಸಂಗತಿ ನಮ್ಮ ಬೆರಳಿಗೆ ತಿಳಿಯುತ್ತದೆ, ನೋವು ಅವರ ಮುಖಕ್ಕೆ ಬರುತ್ತದೆ.

ನಾನು ಕುಳಿತುಕೊಳ್ಳುವಾಗ ಮಕ್ಬುಲಸಾಬ ಹತ್ತಿರ ಬಂದು ಕೆಮ್ಮಿದ.

“ಆಪಾ, ಎಡಗೈ ಬಗ್ಗೆ ಒಂದ ಮಾತ ಹೇಳೋದಿತ್ತು.”

“ಮಕ್ಬುಲಸಾಬ್, ಟೈರಿನ ಬಗ್ಗೆ ಹೇಳ್ರಿ, ಕೇಳ್ತೀನಿ. ಕೈ ಬಗ್ಗೆ ನನಗ ಹೇಳಬ್ಯಾಡ್ರಿ.”

ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಎಡಗೈ ಎಂದರೆ ಏನು ಕೈ ಅದು! ನಾದಿದ ಹಿಟ್ಟಿನ ಹಾಗೆ. “ಸಡಿಲ ಬಿಡು” ಎಂದೆ, ಬಿಟ್ಟಳು. ಹೆಬ್ಬೆರಳು ಒಳಗೆ ಮಡಚು ಎಂದೆ, ಮಡಚಿತು. ಎರಡು-ನಾಲ್ಕರ ಸಣ್ಣ ಅಳತೆಯ ಹಸಿರು ಬಳೆ ಒಂದೂ ಒಡೆಯದೆ ಏರಿದವು. ಕೈ ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ನಾಚಿಕೆ ಇರುವ ಹುಡುಗಿ ಎಂದುಕೊಂಡೆ. ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆ ಗಾಯದ ಕಲೆ ಬೆರಳಿಗೆ ಸಿಕ್ಕಿತು. ಒಲೆಯ ಮುಂದೆ ಕೂತು ಕೆಲಸ ಮಾಡಿದವಳು ಎಂದುಕೊಂಡೆ. ಬಲಗೈ ಮಾತ್ರ ಒರಟು. ಗೆಣ್ಣು ದಪ್ಪ, ಬೆರಳೆಲ್ಲ ಬಿಗಿ. ಅದೇ ಅಳತೆಯ ಬಳೆ ಅದಕ್ಕೆ ಏರಿಸುವಾಗ ಎರಡು ಒಡೆದವು. “ಎಡಗೈ ನೋಡಿ ಬಲಗೈ ಕಲಿಬೇಕವ್ವಾ” ಎಂದು ಗದರಿದೆ. ಮುಖ ನೋಡಿದೆ, ಹುಡುಗಿ ನಗುತ್ತಲೇ ಇದ್ದಳು.

ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ: “ನಲವತ್ತು ವರ್ಷದಾಗ ಇಂಥಾ ಎಡಗೈ ನಾ ಹಿಡಿದಿಲ್ಲ. ಹುಡುಗಿ ನಮ್ಮಾಕಿ.”

ಹುಡುಗಿಯ ತಾಯಿ ನಾಹೀದಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಹೋಗುತ್ತಾಳೆಂದು ತಾಯಂದಿರು ಅಳುವುದೇ. ಮದುವೆ ಮೇ 18ಕ್ಕೆ.

9 ಏಪ್ರಿಲ್

ಅಂಗಡಿಗೆ ಬಂದವರಿಗೆಲ್ಲ ಹೊಸ ಸೊಸೆಯ ಕೈಯ ಸುದ್ದಿ ಹೇಳಿದೆ. ದೊಡ್ಡ ಸೊಸೆ ಅಫ್ಸಾನಾಳ ಮುಖ ಸಪ್ಪಗಾಯಿತು. ಅವಳ ಕೈ ದೊಡ್ಡದು, ಎರಡು-ಎಂಟು. ನಾನೇನು ಮಾಡಲಿ.

15 ಏಪ್ರಿಲ್, ಮಂಗಳವಾರ

ಬೆರಳಿಗೆ ಬಟ್ಟೆ ಸುತ್ತಿದೆ, ಅಕ್ಷರ ಸೊಟ್ಟ ಬರುತ್ತಿವೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಗಾಳೆಮ್ಮ ಬಂದಳು. ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುವವಳು, ನನ್ನ ಹಳೆಯ ಗಿರಾಕಿ. ಅವಳ ಮಗಳು ಅನುಸೂಯಾಳನ್ನು ಹಿಟ್ನಾಳಕ್ಕೆ ಕೊಟ್ಟಿದ್ದಾರೆ. ಗಾಳೆಮ್ಮನ ಕೈ ನನ್ನ ಕೈಯಲ್ಲಿತ್ತು, ಒಂದು ಬಳೆ ಗೆಣ್ಣಿನ ಮೇಲಿತ್ತು.

“ಬೀಬಮ್ಮ, ನಿಮ್ಮ ಕಾಲ ಮುಟ್ಟಬೇಕ್ರಿ. ಹಿಟ್ನಾಳದಾಗ ನಿಮ್ದ ಸುದ್ದಿ ಅಂತ. ಅನುಸೂಯಾ ಫೋನ್ ಮಾಡಿದ್ಲು.”

“ಏನಂತ ಸುದ್ದಿ?”

“ಕೈ ಇಲ್ಲದ ಹುಡುಗೀನ ಸೊಸಿ ಮಾಡ್ಕೊಂಡ್ರಲ್ಲ. ಅದೂ ಆ ಮಷಿನ್ ಕೈಗೆ ನೀವ ಕುಂತು ಬಳಿ ಇಟ್ಟೀರಂತ. ಯಾರ ಇಡ್ತಾರ್ರಿ? ನಮ್ಮವರಾಗಿದ್ರ ಹುಡುಗಿ ಮನಿ ಹೊಸ್ತಿಲಾ ತುಳೀತಿರಲಿಲ್ಲ.”

ಬಳೆ ನನ್ನ ಬೆರಳಲ್ಲೇ ಪುಡಿಯಾಯಿತು.

“ಯವ್ವಾ, ರಕ್ತ ಬಂತ್ರಿ.”

“ನಿಂದಲ್ಲ, ನಂದು. ಸುಮ್ಮನ ಕುಂದ್ರು.”

“ನಿಮಗ ಗೊತ್ತಿತ್ತಲ್ರಿ, ಮತ್ತ?”

“ಗೊತ್ತಿಲ್ಲದ ನಾ ಬಳಿ ಇಡ್ತೀನೇನು?”

ನನ್ನ ಬಾಯಿಂದ ಬಂದದ್ದು ಇದೇ ಮಾತು. ಯಾಕೆ ಬಂತೋ ಗೊತ್ತಿಲ್ಲ. ಅವಳು ಹೋದ ಮೇಲೆ ಅಂಗಡಿಯ ಬಾಗಿಲು ಎಳೆದು ಒಳಗೆ ಕುಳಿತೆ. ಹಿಡಿದದ್ದು ಕೈಯಲ್ಲ. ಒತ್ತಿದ್ದು ಮಾಂಸವಲ್ಲ. ನೀವಿ ನೀವಿ ಸಡಿಲ ಮಾಡಿದ ಬೆರಳು ಬೆರಳೇ ಅಲ್ಲ.

ಸಂಜೆ ಇಲಿಯಾಸ ಬಂದ.

“ಹುಡುಗಿ ಎಡಗೈ ಯಾವಾಗ ಹೋತು?” ಎಂದೆ.

“ಸಣ್ಣಾಕಿದ್ದಾಗ, ಮೇವು ಕತ್ತರಿಸೋ ಮಷಿನಿಗೆ. ಅವರ ಹೇಳಲಿಲ್ಲೇನಮ್ಮಾ?” ಎಂದವನು ನನ್ನ ಮುಖ ನೋಡಿ ನಿಂತುಬಿಟ್ಟ. “ಅಮ್ಮಾ, ನಿನಗ ಗೊತ್ತಿತ್ತಲ್ಲ? ನೀನ ಹಿಡಿದಿ, ಬೆರಳ ಬೆರಳ ಒತ್ತಿದಿ. ಇಂಥಾ ಕೈ ಹಿಡಿದಿಲ್ಲ ಅಂತ ನಾಲ್ಕ ಮಂದಿ ಮುಂದ ಅಂದಿ. ಅವತ್ತ ಅವರ ಮನಿ ಮಂದಿಯೆಲ್ಲಾ ಅತ್ತಾರ. ನೀ ಹಿಡಿದ ಮ್ಯಾಲ ಮತ್ತ ಹೇಳೋದೇನಿತ್ತು?”

“ಗೊತ್ತಿತ್ತು,” ಎಂದೆ. “ನಿನ್ನ ಬಾಯಿಂದ ಕೇಳಬೇಕಿತ್ತು.”

ಅವನು ನಂಬಿದ. ನನ್ನ ಕೈಯನ್ನು ಈ ಮನೆಯಲ್ಲಿ ಯಾರೂ ಅನುಮಾನಿಸಿಲ್ಲ.

16 ಏಪ್ರಿಲ್

ಅಂಗಡಿ ತೆರೆಯಲಿಲ್ಲ. ತಲೆನೋವು ಎಂದು ಹೇಳಿದೆ.

ಮೋಸ ಎನ್ನಲೂ ಬರುವುದಿಲ್ಲ. ಮಕ್ಬುಲಸಾಬ ಹೇಳಲು ಬಂದಿದ್ದ. ಟೈರಿನ ಮಾತಾಡು ಎಂದವಳು ನಾನೇ.

17 ಏಪ್ರಿಲ್, ಗುರುವಾರ

ಅಂಗಡಿಗೆ ಹೋದೆ. ಹೋಗದಿದ್ದರೂ ಆಗುತ್ತಿತ್ತು. ಬಂದ ಪ್ರತಿಯೊಂದು ಕೈಯನ್ನು ಎರಡೆರಡು ಸಲ ಒತ್ತಿ ನೋಡಿದೆ. ಉಗುರು ನೋಡಿದೆ, ಮಣಿಕಟ್ಟಿನಲ್ಲಿ ನಾಡಿ ಹುಡುಕಿದೆ. ಒಬ್ಬ ಕಾಲೇಜು ಹುಡುಗಿ, “ಅಜ್ಜಿ, ಬಳಿ ಇಡ್ತೀರೋ, ಗುಳಿಗಿ ಬರದು ಕೊಡ್ತೀರೋ?” ಎಂದಳು. ಜೊತೆಗಿದ್ದವರು ನಕ್ಕರು. ನನ್ನ ಅಂಗಡಿಯಲ್ಲಿ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ಗಂಗಾವತಿಯಿಂದ ನಾದಿನಿ ಖುರ್ಷಿದಾಳ ಫೋನು. ಅವಳಿಗೂ ಸುದ್ದಿ ಮುಟ್ಟಿದೆ.

“ಭಾಬಿ, ಪ್ಲಾಸ್ಟಿಕ್ ಸೊಸಿ ತರಾಕತ್ತೀಯಂತ? ಅಡಗಿ ಮಾಡುವಾಗ ಕರಗೀತು, ನೋಡ್ಕೊ.”

“ನಿನ್ನ ಸೊಸೇರದು ಎರಡೆರಡು ಕೈ ಅದಾವ. ನಿನ್ನ ಬಟ್ಟಿ ಯಾರ ಒಗೀತಾರ?” ಎಂದು ಫೋನ್ ಇಟ್ಟೆ.

ಬಾಯಿಂದ ಹಾಗೆ ಬಂದರೂ ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೇನೆ. ಈ ಸಂಬಂಧ ಬೇಡ. ಕೈಯ ಕಾರಣ ಹೇಳಿದರೆ, ಅವತ್ತು ಯಾಕೆ ಬಳೆ ಇಟ್ಟೆ ಎಂದು ಕೇಳುತ್ತಾರೆ. ರಬ್ಬರಿಗೂ ಚರ್ಮಕ್ಕೂ ವ್ಯತ್ಯಾಸ ತಿಳಿಯದವಳ ಮುಂದೆ ಆಮೇಲೆ ಯಾರು ಕೈ ಚಾಚುತ್ತಾರೆ. ನಾದಿನಿ ಒಪ್ಪಲಿಲ್ಲ ಎಂದು ಹೇಳುತ್ತೇನೆ. ಖುರ್ಷಿದಾಳಿಂದ ಒಂದು ಉಪಯೋಗವಾದರೂ ಆಗಲಿ.

20 ಏಪ್ರಿಲ್, ರವಿವಾರ

ಇಂದು ನಡೆದದ್ದನ್ನು ಪೂರ್ತಿ ಬರೆಯಬೇಕು.

ಯಾರಿಗೂ ಹೇಳದೆ ಹೊಸಪೇಟೆ ಬಸ್ ಹತ್ತಿ ಹಿಟ್ನಾಳದಲ್ಲಿ ಇಳಿದೆ. ಹೈವೇಯಲ್ಲಿ ಬಿಸಿಲು ಕುದಿಯುತ್ತಿತ್ತು. ಮಕ್ಬುಲಸಾಬ ಅಂಗಡಿಯಲ್ಲಿ ಲಾರಿ ಟೈರಿಗೆ ಬಗ್ಗಿದ್ದ, ನನ್ನನ್ನು ನೋಡಲಿಲ್ಲ. ಅದೇ ಒಳ್ಳೆಯದಾಯಿತೆಂದು ಹಿಂದಿನ ಓಣಿಯಲ್ಲಿ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಹೊಲಿಗೆ ಮಷಿನಿನ ಸದ್ದು ಬರುತ್ತಿತ್ತು.

ಮೊದಲು ಕಂಡದ್ದು ಹುಡುಗಿಯಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೈ ಇತ್ತು. ಮೊಣಕೈ ಕೆಳಗಿನ ತೋಳಿನಷ್ಟು ಉದ್ದ, ಅಂಗೈ ಮೇಲಾಗಿ ಮಲಗಿತ್ತು. ಅದರಿಂದ ಒಂದು ವೈರು ಹೊರಟು, ಫೋನಿನ ಚಾರ್ಜರ್ ಪಕ್ಕದ ಪ್ಲಗ್ಗಿಗೆ ಹೋಗಿತ್ತು. ಮಣಿಕಟ್ಟಿನಲ್ಲಿ ನಾನು ತೊಡಿಸಿದ ಹಸಿರು ಬಳೆ. ನಾನು ನೋಡುತ್ತಿದ್ದ ಹಾಗೆ ಬೆರಳು ಒಂದೊಂದಾಗಿ ಮಡಚಿ ಮತ್ತೆ ತೆರೆದವು, ಉದುರಿದ ಹಲ್ಲಿಯ ಬಾಲ ಆಡುವ ಹಾಗೆ. ಬಳೆ ಸಣ್ಣಗೆ ಸದ್ದು ಮಾಡಿದವು.

ಬಾಯಿಯಲ್ಲಿ ಕಲ್ಮಾ ಬಂತು.

“ಬರ್ರಿ ಅಮ್ಮಾ, ಕುಂದರ್ರಿ,” ಎಂದಳು ಮುಬಾಶಿರಾ ಎದ್ದು. “ಹೆದರಬ್ಯಾಡ್ರಿ. ಚಾರ್ಜ್ ತುಂಬಿದ ಮ್ಯಾಲ ಬೆರಳ ಸರಿ ಅದಾವೋ ಇಲ್ಲೋ ತಾನ ನೋಡ್ಕೊಂತೈತಿ. ಅದಕ್ಕೀಗ ಊಟದ ಹೊತ್ತು.”

ಅವಳ ಎಡತೋಳು ಮಣಿಕಟ್ಟಿಗಿಂತ ಮೇಲೆಯೇ ಮುಗಿದಿತ್ತು. ತುದಿ ನಯವಾಗಿ, ಉಂಡೆಯಾಗಿತ್ತು. ಅದರಿಂದಲೇ ಬಟ್ಟೆ ಒತ್ತಿ ಹಿಡಿದು ಬಲಗೈಯಿಂದ ಹೊಲಿಯುತ್ತಿದ್ದಳು. ನಾಹೀದಾ ಮನೆಯಲ್ಲಿರಲಿಲ್ಲ. ನೀರು ಕೊಟ್ಟಳು. ಕುಡಿದೆ. ಹೇಳಲು ಬಂದ ಮಾತು ನಾಲಿಗೆಗೆ ಬರಲಿಲ್ಲ, ಬೇರೆ ಮಾತು ಬಂತು.

“ಅದು ಹೆಂಗ ಮಾತ ಕೇಳತೈತಿ?”

“ಇಲ್ಲಿ ತೋಳಿನ ಮಾಂಸ ಬಿಗಿ ಹಿಡಿದ್ರ ಮುಷ್ಟಿ ಕಟ್ಟತೈತ್ರಿ, ಸಡಿಲ ಬಿಟ್ರ ಬಿಚ್ಚತೈತಿ. ಒಳಗ ಎಲುಬಿನಂಗ ಕಡ್ಡಿ, ನರದಂಗ ದಾರ, ಮ್ಯಾಲ ಚರ್ಮದಂಗ ಮೆತ್ತಂದು. ಹುಬ್ಬಳ್ಳಿ ಕಡೆ ಒಂದ ಕಾಲೇಜಿನವರು ಮಾಡ್ಯಾರ. ನನ್ನ ಬಲಗೈ ಅಚ್ಚು ತಗೊಂಡು, ಕನ್ನಡಿಯಾಗ ಕಂಡಂಗ ತಿರುವಿದ್ರು. ಅವಾಗ ನಾ ಸಾಲಿ ಬಿಟ್ಟಾಕಿ ಅಷ್ಟ. ಬಲಗೈ ಹಿಂಗ ಆಗಿರಲಿಲ್ಲ.”

“ಅವತ್ತ ನಡುಗಿತ್ತಲ್ಲ?”

“ಮೋಟರ್ ರೀ.”

“ಬೆಚ್ಚಗಿತ್ತು.”

“ಈ ಬ್ಯಾಸಗಿಯಾಗ ನಮ್ಮ ಕಡೆ ತಣ್ಣಗ ಇರೋದ ಏನೈತ್ರಿ ಅಮ್ಮಾ?”

“ಹೆಬ್ಬೆರಳ ಬುಡಕ ಗಾಯದ ಕಲಿ?”

ಅವಳು ತುಟಿ ಕಚ್ಚಿದಳು, ನಗು ತಡೆಯಲು. “ಕತ್ತರಿ ತಾಗಿ ಹರಿದಿತ್ತು. ಅಬ್ಬಾ ಪಂಕ್ಚರ್ ಹಾಕ್ಯಾರ.”

ನಲವತ್ತು ವರ್ಷದ ವಿದ್ಯೆ. ಲಾರಿ ಟ್ಯೂಬಿನ ಪ್ಯಾಚನ್ನು ಒಲೆಯ ಗಾಯ ಎಂದುಕೊಂಡವಳು ನಾನು. ತಲೆ ತಗ್ಗಿಸಿ ಕುಳಿತೆ. ಆಗ ಅವಳ ನಗು ನಿಂತಿತು.

“ಅಮ್ಮಾ,” ಎಂದಳು ಮೆಲ್ಲಗೆ. “ನಿಮಗ ಅವತ್ತ ಗೊತ್ತಾಗಿರಲಿಲ್ಲ.”

ಅವಳು ಹತ್ತಿರ ಬಂದು ನೆಲದ ಮೇಲೆ ಕುಳಿತಳು. ಅವಳ ಮುಖದ ಬಣ್ಣ ಹೋಗಿತ್ತು.

“ನೀವು ಬ್ಯಾಡ ಅನ್ನಾಕ ಬಂದೀರಿ. ಇರಲಿ ಅಮ್ಮಾ. ನಾನ ಬ್ಯಾಡ ಅಂದೆ ಅಂತ ಅಬ್ಬಾಗ ಹೇಳ್ತೀನಿ. ಟೆಂಪೋ ಓಡಿಸವ್ನ ಒಲ್ಲೆ ಅಂದ್ರ ಆತು. ನಿಮಗ ಗೊತ್ತಾಗಲಿಲ್ಲ ಅನ್ನೋದು ನನ್ನ ಬಾಯಿಂದ ಹೊರಗ ಬೀಳೂದಿಲ್ಲ. ಕುಷ್ಟಗಿಯಾಗ ನಿಮ್ಮ ಹೆಸರು ದೊಡ್ಡದೈತಿ.”

ಸಿಟ್ಟು ಬಂತು. ಅಷ್ಟು ಸಿಟ್ಟು ಈಚೆಗೆ ಯಾರ ಮೇಲೂ ಬಂದಿರಲಿಲ್ಲ.

“ನನ್ನ ಹೆಸರು ಕಾಯಾಕ ನೀ ಯಾರು? ಕೈ ತಾ ಇಲ್ಲಿ.”

ಅವಳು ಕಟ್ಟೆಯ ಮೇಲಿದ್ದ ಕೈ ತರಲು ಎದ್ದಳು.

“ಅದಲ್ಲ. ಬಲಗೈ.”

ಬಲಗೈ ಕೊಟ್ಟಳು. ಈ ಸಲ ಮುಖ ನೋಡಲಿಲ್ಲ, ಕೈ ನೋಡಿದೆ. ತೋರುಬೆರಳಿನಲ್ಲಿ ಸೂಜಿ ಚುಚ್ಚಿದ ಕಲೆ, ಕತ್ತರಿ ಹಿಡಿದ ಕಡೆ ಜಡ್ಡು. ಎರಡು ಕೈ ಮಾಡುವ ಕೆಲಸ ಇಷ್ಟು ವರ್ಷ ಒಂದೇ ಮಾಡಿದೆ. ಗೆಣ್ಣಿನ ಮೇಲೆ ಎರಡು ಹೊಸ ಗೀರು, ಹಕ್ಕಳೆ ಕಟ್ಟಿ ಇನ್ನೂ ಉದುರಿರಲಿಲ್ಲ. ನನ್ನ ಬಳೆ ಒಡೆದದ್ದು ಅಲ್ಲಿಯೇ. ಒತ್ತಿ ನೋಡಿದೆ. ಇದು ಎರಡು-ಆರರ ಕೈ. ನಾನು ಎಡಗೈಯ ಅಳತೆ ಹಿಡಿದು ಎರಡು-ನಾಲ್ಕು ತುರುಕಿದ್ದೆ.

“ಹರೀತಂತ ಯಾಕ ಹೇಳಲಿಲ್ಲ?”

“ನೀವು ಮುಖ ನೋಡ್ತಿದ್ರಿ. ನಾ ಮುಖದ ಮ್ಯಾಗ ತರಲಿಲ್ಲ.”

ಕಿಟಕಿಯ ಕಟ್ಟೆಯ ಕಡೆ ನೋಡಿ ಕೇಳಿದೆ, “ಆ ಕೈಗೆ ಬಳಿ ಯಾಕ ಇಟ್ಕೊಂಡೀ ಇನ್ನೂ? ತೆಗೀಬೇಕಿತ್ತು.”

“ತೆಗಿಯೋದು ಭಾಳ ಸರಳ ರೀ.” ಕೈಯನ್ನು ತಂದು, ಮಣಿಕಟ್ಟಿನಲ್ಲಿ ನಲ್ಲಿಯ ಹಾಗೆ ತಿರುಗಿಸಿದಳು. ಅಂಗೈ ಬೇರೆಯಾಯಿತು, ತೋಳಿನ ಚಿಪ್ಪು ಬೇರೆಯಾಯಿತು. ನಡುವಿನ ಸಣ್ಣ ಕೊರಳಿನಿಂದ ಬಳೆ ಜಾರಿ ಅವಳ ಮಡಿಲಿಗೆ ಬಿದ್ದವು. “ನೋಡ್ರಿ, ಒತ್ತೋದು ಇಲ್ಲ, ನೀವೋದು ಇಲ್ಲ. ಸಣ್ಣ ಹುಡುಗ್ರೂ ಹಾಕಬಹುದು. ಆದ್ರ ತೆಗಿಬೇಕು ಅನಸಲಿಲ್ಲ. ಈ ಕೈಗೆ ಮೊದಲನೇ ಸಲ ಬಳಿ ಇಟ್ಟವರು ನೀವು.”

ಬಳೆಯನ್ನು ಮತ್ತೆ ಕೊರಳಿಗೆ ಪೋಣಿಸಿ ಕೈ ತಿರುಗಿಸಿದಳು. ಆಗಿಹೋಯಿತು. ನನ್ನ ಅತ್ತೆಯ ವಿದ್ಯೆ, ನನ್ನ ವಿದ್ಯೆ, ಯಾವುದೂ ಬೇಕಾಗಲಿಲ್ಲ.

ನಾನು ಬಂದ ಕೆಲಸ ಹೇಳಲಿಲ್ಲ. ಬೇಡ ಎಂದೂ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಬಸ್ ಸ್ಟಾಪಿನವರೆಗೆ ಅವಳು ಕೈ ತೊಟ್ಟುಕೊಂಡು ಬಂದಳು. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಯಾವ ಕೈಯಿಂದ ನನ್ನನ್ನು ಹಿಡಿದು ಹತ್ತಿಸಿದಳೋ ನೋಡಲಿಲ್ಲ.

28 ಏಪ್ರಿಲ್

ಇಲಿಯಾಸ ದಿನಾ ಮುಖ ನೋಡುತ್ತಾನೆ, ಕೇಳುವುದಿಲ್ಲ. ಮದುವೆಯ ಬಟ್ಟೆಗೆ ಹೋಗೋಣವೇ ಎಂದು ಅಫ್ಸಾನಾ ಕೇಳಿದಳು. ಬಿಸಿಲು ಇಳಿಯಲಿ ಎಂದೆ.

ಅಂಗಡಿಯಲ್ಲಿ ಗಾಳೆಮ್ಮನ ಬಲಗೈ ನೋಡಿದೆ. ಎಷ್ಟು ವರ್ಷದಿಂದ ಹಿಡಿಯುತ್ತಿದ್ದೇನೆ, ತೋರುಬೆರಳು ಸೊಟ್ಟಗಿರುವುದು ಇಂದು ಕಂಡಿತು. ಕೇಳಿದೆ.

“ದಾಳಿಂಬಿ ಕತ್ತರಿಸೋ ಕತ್ತರಿ ಹಿಡಿದು ಹಿಡಿದು ಹಂಗಾತ್ರಿ. ಇವತ್ತೇನ ಹೊಸದಾಗಿ ಕೇಳ್ತೀರಿ?”

ಎಡಗೈಗಿಂತ ಒಂದು ಅಳತೆ ದೊಡ್ಡದು ಕೊಟ್ಟೆ. ನೋವಾಗದೆ ಏರಿತು. “ಇಷ್ಟ ವರ್ಷ ಯಾಕ ಅಳಸ್ತಿದ್ರಿ ಬೀಬಮ್ಮ?” ಎಂದು ನಕ್ಕಳು.

4 ಮೇ

ಅಫ್ಸಾನಾಳನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋಗಿ ಮದುವೆಯ ಬಟ್ಟೆ ತಂದೆ. ಅವಳಿಗೂ ಒಂದು ಸೀರೆ. ಆರಿಸಿದ್ದು ಅವಳೇ. ಬಣ್ಣ ಚೆನ್ನಾಗಿಲ್ಲ, ಆದರೂ ಸುಮ್ಮನಿದ್ದೆ.

17 ಮೇ, ಶನಿವಾರ

ನಾಳೆ ನಿಕಾಹ್. ಇಂದು ಮದುಮಗಳಿಗೆ ಬಳೆ. ಹಿಟ್ನಾಳದವರ ಮನೆ ತುಂಬ ಹೆಂಗಸರು. ಗಂಗಾವತಿಯಿಂದ ಖುರ್ಷಿದಾ ಮೂರು ಜನರನ್ನು ಜೊತೆ ಕಟ್ಟಿಕೊಂಡು ಬಂದಿದ್ದಳು. ಬಳೆಯ ಪೆಟ್ಟಿಗೆ ತೆರೆದಾಗ ಎಲ್ಲರೂ ಹತ್ತಿರ ಸರಿದರು. ಅವರಿಗೆ ನೋಡಬೇಕಾಗಿದ್ದದ್ದು ನನ್ನ ಕೆಲಸವಲ್ಲ, ಆ ಕೈ.

“ಭಾಬಿ, ಬಲಗೈಗೆ ಇಟ್ಟು ಬಿಡು,” ಎಂದಳು ಖುರ್ಷಿದಾ, ಎಲ್ಲರಿಗೂ ಕೇಳುವ ಹಾಗೆ. “ಜೀವ ಇಲ್ಲದ್ದಕ್ಕ ಗಾಜಿನ ಬಳಿ ಯಾಕ? ಅದಕ್ಕೇನ ತಿಳೀತೈತಿ?”

ಅಫ್ಸಾನಾ ನನ್ನ ಕಿವಿಯಲ್ಲಿ, “ತಿರುವಿ ತೆಗದ್ರ ಬಳಿ ಹಂಗ ಹೋಗತಾವಂತ, ಅಮ್ಮಾ. ಲಗೂನ ಮುಗೀತೈತಿ” ಎಂದಳು. ಒಳ್ಳೆಯದಕ್ಕೇ ಹೇಳಿದಳು.

“ಬ್ಯಾಡ. ಬೆರಳಿಂದನ ಇಡ್ತೀನಿ. ನಿಮಗೆಲ್ಲಾ ಹೆಂಗ ಇಟ್ಟೀನೋ ಹಂಗ.”

ಮೊದಲು ಬಲಗೈ ಹಿಡಿದೆ. ಹಿಂದೆ ಯಾವತ್ತೂ ಬಲಗೈಯಿಂದ ಶುರು ಮಾಡಿದವಳಲ್ಲ. ಎರಡು-ಆರರ ಕಟ್ಟು ಬಿಚ್ಚಿದೆ. ಖುರ್ಷಿದಾಳ ಕಣ್ಣು ಬಳೆಗಾರರ ಮನೆಯ ಕಣ್ಣು, ಅಳತೆ ತಕ್ಷಣ ತಿಳಿಯಿತು.

“ಎರಡು-ನಾಲ್ಕು ಅಂತ ಊರೆಲ್ಲಾ ಸಾರಿದ್ದಿ?”

“ಅವತ್ತ ಅಳತಿ ತಪ್ಪಿದ್ದೆ,” ಎಂದೆ. “ಸಣ್ಣದು ಇಟ್ಟು ಹುಡುಗಿ ಕೈ ಹರದೀನಿ. ತಪ್ಪು ನಂದ.”

ಖುರ್ಷಿದಾಳ ಬಾಯಿ ತೆರೆದೇ ಇತ್ತು. ಮುಬಾಶಿರಾ ನನ್ನನ್ನೇ ನೋಡುತ್ತಿದ್ದಳು. ಉಳಿದದ್ದು ಅವಳಿಗೆ ಗೊತ್ತು, ನನಗೆ ಗೊತ್ತು. ಬೇರೆಯವರಿಗೆ ಯಾಕೆ.

ಬಲಗೈಗೆ ಒಂದೂ ಒಡೆಯದೆ ಏರಿದವು. ಆಮೇಲೆ ಎಡಗೈ. ಅದು ರಬ್ಬರು ಎಂದು ತಿಳಿದು ಹಿಡಿದದ್ದು ಇದೇ ಮೊದಲು. ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಬೆರಳು ನೀವಿದೆ, ಹೆಬ್ಬೆರಳು ಮಡಚಿದೆ, ಪಂಕ್ಚರಿನ ಪ್ಯಾಚಿನ ಮೇಲೆ ಬಳೆ ತಡೆಯದ ಹಾಗೆ ನನ್ನ ಹೆಬ್ಬೆರಳು ಇಟ್ಟೆ. ಒಂದೊಂದೇ ಏರಿಸಿದೆ. ಕೊನೆಯದು ಏರುತ್ತಿದ್ದ ಹಾಗೆ ಆ ಕೈ ತಟ್ಟನೆ ಮುಚ್ಚಿ ನನ್ನ ನಾಲ್ಕೂ ಬೆರಳು ಹಿಡಿದುಕೊಂಡಿತು. ಗಂಗಾವತಿಯವಳೊಬ್ಬಳು ಚೀರಿ ಹಿಂದೆ ಸರಿದಳು.

“ತಡೀರಿ ಅಮ್ಮಾ, ಬಿಡ್ತೀನಿ,” ಎಂದಳು ಮುಬಾಶಿರಾ. ಅವಳು ಅಳುತ್ತಿದ್ದಳು, ತೋಳು ಬಿಗಿದಿತ್ತು. “ಸಡಿಲ ಆಗವಲ್ದು.”

“ಬಿಡಸ್ರಿ ಯಾರಾರ, ಬೆರಳ ಮುರದೀತು,” ಎಂದಳು ಖುರ್ಷಿದಾ.

“ಯಾರೂ ಮುಟ್ಟಬ್ಯಾಡ್ರಿ. ಬಿಟ್ಟಾಗ ಬಿಡಲಿ,” ಎಂದೆ.

ಬೆರಳು ನೋಯುತ್ತಿತ್ತು. ಮುಖದ ಮೇಲೆ ತರಲಿಲ್ಲ. ಇನ್ನೊಂದು ಕೈಯಿಂದ ಕೊನೆಯ ಬಳೆಯನ್ನು ಮಣಿಕಟ್ಟಿಗೆ ಇಳಿಸಿದೆ.

ಹೊರಡುವಾಗ ಖುರ್ಷಿದಾ ಅಂಗಳದಲ್ಲಿ ನನ್ನ ಸೆರಗು ಹಿಡಿದು, ಇನ್ನೂ ಹೊತ್ತು ಮೀರಿಲ್ಲ, ವಿಚಾರ ಮಾಡು ಎಂದಳು. ಬಳೆ ಏರಿವೆ, ಮಾತು ಮುಗಿದಿದೆ ಎಂದು ಹೇಳಿ ಟೆಂಪೋ ಹತ್ತಿದೆ.